ಎಡ ಹಿಮ್ಮಡಿಯ ಸವೆತ

ಮಾರ್ಚ್ 4

ಗುಬ್ಬಿ,

ನಲವತ್ತು ದಾಟಿದವಳನ್ನು ಇನ್ನೂ ಗುಬ್ಬಿ ಅಂತಾಳಲ್ಲ ಎಂದು ಮುಖ ಗಂಟಿಕ್ಕಬೇಡ. ನಿನ್ನಣ್ಣ ಇಟ್ಟ ಹೆಸರು, ಅವರಿಲ್ಲವೆಂದು ನಾನು ಬದಲಾಯಿಸಲಾರೆ. ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಶೂ ರಿಪೇರಿ ಅಂಗಡಿಯ ಫೋನು ಕೌಂಟರಿನ ಮೇಲಿದೆ. ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ಕಾಯುವ ಗಿರಾಕಿಗಳಿಗೆ ಬೇರೆ ಕೆಲಸವಿಲ್ಲ, ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾರೆ.

ಹೋದ ತಿಂಗಳು ಆರೋಗ್ಯ ಕೇಂದ್ರದವರು ಮೂವತ್ತು ದಾಟಿದ ಹೆಂಗಸರೆಲ್ಲ ಗರ್ಭಕೋಶದ ಬಾಯಿಯ ಪರೀಕ್ಷೆಗೆ ಬನ್ನಿ ಎಂದು ಬೀದಿಯಲ್ಲಿ ಚೀಟಿ ಹಂಚಿದರು. ಎದುರಿನ ಇಸ್ತ್ರಿ ಅಂಗಡಿಯಾಕೆ ಒಬ್ಬಳೇ ಹೋಗಲು ಹೆದರಿ ನನ್ನನ್ನೂ ಎಳೆದುಕೊಂಡು ಹೋದಳು. ಅವಳದ್ದರಲ್ಲಿ ಏನೂ ಇಲ್ಲವೆಂದು ಬಂತು. ನನ್ನ ಕಾಗದದಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಹದಿನಾರನೇ ಬಗೆ, ಇದೆ ಎಂದು ಬರೆದಿದೆ. ಜೊತೆಗೆ ನಡೆದವಳು ನಾನು, ಕಲ್ಲು ಎಡವಿದವಳೂ ನಾನೇ.

ಅಲ್ಲಿಯ ನರ್ಸು ಒಳ್ಳೆಯ ಹುಡುಗಿ. “ಯಜಮಾನ್ರು ಇದ್ದಾರಾ?” ಎಂದು ಕೇಳಿದಳು. ಹೋಗಿ ಹನ್ನೊಂದು ವರ್ಷವಾಯಿತು ಎಂದೆ. ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ತಲೆ ಬಗ್ಗಿಸಿ ಏನೋ ಬರೆದುಕೊಂಡಳು. ಏನು ಬರೆದಳೋ ಎಂದು ಅಂದಿನಿಂದ ತಲೆ ಕೊರೆಯುತ್ತಿದೆ. ದೊಡ್ಡಾಸ್ಪತ್ರೆಗೆ ಹೋಗಿ ಇನ್ನೊಂದು ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ.

ನೀನು ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಇಂಥದ್ದನ್ನೇ ನೋಡುವವಳು. ನನಗೆ ಒಂದೇ ಒಂದು ವಿಷಯ ಹೇಳು. ಇದು ಒಬ್ಬರ ಮೈಯಲ್ಲಿ ಎಷ್ಟು ಕಾಲ ಗೊತ್ತಾಗದಂತೆ ಇರಬಹುದು?

ನಿನ್ನ ಅತ್ತಿಗೆ


ಮಾರ್ಚ್ 11

ಅತ್ತಿಗೆ,

ಮೊದಲು ಕೂತುಕೊಂಡು ಓದಿ. ನಿಮಗೆ ಕ್ಯಾನ್ಸರ್ ಎಂದು ಯಾರೂ ಹೇಳಿಲ್ಲ. ಈ ವೈರಸ್ಸು ನೆಗಡಿಯಷ್ಟೇ ಸಾಮಾನ್ಯ. ಗಂಡು ಹೆಣ್ಣು ಸೇರಿದ ಕಡೆ ಒಬ್ಬರಿಂದೊಬ್ಬರಿಗೆ ಬರುತ್ತದೆ, ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬಂದಿರುತ್ತದೆ, ಬಂದದ್ದು ಗೊತ್ತೇ ಆಗಿರುವುದಿಲ್ಲ. ಹತ್ತರಲ್ಲಿ ಒಂಬತ್ತು ಜನರಲ್ಲಿ ಒಂದೆರಡು ವರ್ಷದೊಳಗೆ ಮೈಯೇ ಅದನ್ನು ಹೊರಗೆ ಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಹದಿನಾರನೇ ಬಗೆ ಸ್ವಲ್ಪ ಹಠಮಾರಿ. ಗರ್ಭಕೋಶದ ಬಾಯಿಯಲ್ಲಿ ಕೂತು ಅಲ್ಲಿಯ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಹಾಗೇ ಬಿಟ್ಟರೆ ವರ್ಷಗಳಾದ ಮೇಲೆ ಕ್ಯಾನ್ಸರ್ ಆಗಬಹುದು. ಬಿಡದಿದ್ದರೆ ಆಗುವುದಿಲ್ಲ. ಅದಕ್ಕೇ ಮುಂದಿನ ಪರೀಕ್ಷೆ.

ನಾನು ದಿನಕ್ಕೆ ಅರವತ್ತು ಎಪ್ಪತ್ತು ಸ್ಲೈಡು ನೋಡುತ್ತೇನೆ. ನಮಗೆ ಹೆಸರು ಕಾಣುವುದಿಲ್ಲ, ಮೂಲೆಯಲ್ಲಿ ನಂಬರು ಮಾತ್ರ. ಈ ವೈರಸ್ಸು ಹೊಕ್ಕ ಜೀವಕೋಶ ಸುಲಭವಾಗಿ ಗುರುತು ಸಿಗುತ್ತದೆ. ನಡುವಿನ ಬೀಜದ ಸುತ್ತ ಒಂದು ಖಾಲಿ ಬಳೆ ಕಾಣುತ್ತದೆ, ಉಳಿದದ್ದೆಲ್ಲ ಅದರಿಂದ ದೂರ ಸರಿದು ನಿಂತಿರುತ್ತದೆ. ಇಷ್ಟು ವರ್ಷವಾದರೂ ಆ ಖಾಲಿ ಜಾಗ ಕಂಡಾಗ ನಾನು ಒಂದು ಕ್ಷಣ ಕಣ್ಣು ತೆಗೆಯುತ್ತೇನೆ.

ನಿಮ್ಮ ಪ್ರಶ್ನೆಗೆ ಉತ್ತರ: ಹತ್ತು, ಹದಿನೈದು ವರ್ಷ ಸದ್ದಿಲ್ಲದೆ ಕೂತಿದ್ದು ಮತ್ತೆ ಏಳುವುದೂ ಉಂಟು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ನಿಮ್ಮದು ಅಣ್ಣನ ಕಾಲದ್ದೇ ಇರಬೇಕು. ಅಣ್ಣನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಮದುವೆಗೆ ಮುಂಚಿನದೂ ಇರಬಹುದು, ಅವನಿಗೂ ಗೊತ್ತಿರಲಿಕ್ಕಿಲ್ಲ.

ದೊಡ್ಡಾಸ್ಪತ್ರೆಗೆ ಹೋಗಿ ಬಂದ ದಿನವೇ ಬರೆಯಿರಿ.

ಗುಬ್ಬಿ


ಮಾರ್ಚ್ 29

ಗುಬ್ಬಿ,

ಹೋಗಿ ಬಂದೆ. ಆ ದಿನವೇ ಬರೆಯಲಿಲ್ಲ, ಬರೆಯಲು ಆಗಲಿಲ್ಲ.

ಕನ್ನಡಕದ ಡಾಕ್ಟರಮ್ಮ ಬಹಳ ಮೆಲ್ಲಗೆ ಮಾತಾಡುತ್ತಾರೆ. ನನ್ನನ್ನು ಮಲಗಿಸಿ, ಕ್ಯಾಮೆರಾದಂಥ ಒಂದು ಯಂತ್ರವನ್ನು ಹತ್ತಿರ ಎಳೆದು, ಪಕ್ಕದ ಪರದೆ ನನ್ನ ಕಡೆಗೂ ತಿರುಗಿಸಿದರು. ನೋಡಬೇಕೆನಿಸಿದರೆ ನೋಡಿ ಎಂದರು. ಕೆಂಪಗೆ, ಒದ್ದೆಯಾಗಿ, ಏನೂ ತಪ್ಪಿಲ್ಲದ ಜಾಗ. ಅದಕ್ಕೆ ವಿನಿಗರ್ ಬೆರೆಸಿದ ನೀರು ಹಚ್ಚಿದರು. “ಒಂದು ನಿಮಿಷ ಸುಮ್ನೆ ಕಾಯೋಣ” ಎಂದರು. ಕಾದೆವು. ಆಗ ಪರದೆಯ ಮೇಲೆ ಬೆಳ್ಳಗೆ ಒಂದು ಆಕಾರ ನಿಧಾನವಾಗಿ ಎದ್ದು ಬಂತು ಗುಬ್ಬಿ. ಅದು ಅಲ್ಲೇ ಇತ್ತು, ಕಾಣಿಸಿಕೊಳ್ಳಲು ಮನಸ್ಸು ಮಾಡಿರಲಿಲ್ಲ ಅಷ್ಟೆ. ಡಾಕ್ಟರಮ್ಮ ಅದರಿಂದ ಒಂದು ಚಿಟಿಕೆ ಕತ್ತರಿಸಿ ಬಾಟಲಿಗೆ ಹಾಕಿ ಪರೀಕ್ಷೆಗೆ ಕಳಿಸಿದರು. ಇರುವೆ ಕಚ್ಚಿದಷ್ಟು ನೋವು. ನನಗೆ ಅಳು ಬಂದದ್ದು ಬೇರೆ ಕಾರಣಕ್ಕೆ.

ನಿನಗೆ ಒಂದು ವಿಷಯ ಹೇಳುತ್ತೇನೆ, ನಗಬೇಡ. ನಿನ್ನಣ್ಣನ ಕೊನೆಯ ಜೊತೆ ಕಂದು ಶೂ ನೆನಪಿದೆಯಾ? ಅವರು ಅದಕ್ಕೆ ಹೊಸ ಹಿಮ್ಮಡಿ ಹಾಕಲು ಹಳೆಯದನ್ನು ಕಿತ್ತಿಟ್ಟಿದ್ದರು, ಅಷ್ಟರಲ್ಲಿ ಹೋಗಿಬಿಟ್ಟರು. ಹದಿಮೂರನೆಯ ದಿನ ನಾನೇ ಕೂತು ಹೊಸ ರಬ್ಬರ್ ಹಿಮ್ಮಡಿ ಕೂರಿಸಿ, ಮೊಳೆ ಹೊಡೆದು, ಪಾಲಿಶ್ ಮಾಡಿ ಷಟರಿನ ಪಕ್ಕದಲ್ಲಿ ಇಟ್ಟೆ. ಅಂದಿನಿಂದ ಅಲ್ಲೇ ಇದೆ. ಯಾರಿಗೂ ಕೊಟ್ಟಿಲ್ಲ, ಯಾರೂ ಹಾಕಿಲ್ಲ.

ಆಸ್ಪತ್ರೆಯಿಂದ ಬಂದು ಸುಮ್ಮನೆ ಕೈಗೆತ್ತಿಕೊಂಡೆ. ಎಡ ಹಿಮ್ಮಡಿ ಹೊರ ಅಂಚಿನಲ್ಲಿ ಸವೆದಿದೆ. ಒಂದು ಬೆಂಕಿಕಡ್ಡಿಯ ದಪ್ಪ ಸವೆದಿದೆ. ಅವರ ಹೆಜ್ಜೆ ಹಾಗೇ ಇತ್ತಲ್ಲ, ಎಡಕ್ಕೆ, ಹೊರಗೆ. ಇಷ್ಟು ವರ್ಷ ಜನರ ಹಿಮ್ಮಡಿ ನೋಡಿ ಯಾರ ಬೆನ್ನು ನೋಯುತ್ತದೆ, ಯಾರು ಮಗುವನ್ನು ಯಾವ ಸೊಂಟದ ಮೇಲೆ ಎತ್ತಿಕೊಳ್ಳುತ್ತಾರೆ ಎಂದು ಹೇಳಬಲ್ಲವಳು ನಾನು. ಈ ಸವೆತದಲ್ಲಿ ತಪ್ಪಾಗಲು ಸಾಧ್ಯವಿಲ್ಲ.

ಪರೀಕ್ಷೆ ಮಾಡಿದೆ. ಅಂಗಡಿ ಮುಚ್ಚಿದ ಮೇಲೆ ಎರಡೂ ಅಟ್ಟೆಗೆ ಸೀಮೆಸುಣ್ಣ ಬಳಿದಿಟ್ಟೆ. ಬೆಳಿಗ್ಗೆ ಅಂಗಡಿ ತೆರೆದು, ಮುಂದಿನ ಜಾಗ ಗುಡಿಸಿ, ನೀರು ಚಿಮುಕಿಸಿ, ಟೀ ಕುಡಿದು ಆಮೇಲೆ ನೋಡಿದರೆ ಸುಣ್ಣ ಅಲ್ಲಲ್ಲಿ ಅಳಿಸಿತ್ತು, ಎಡ ಹಿಮ್ಮಡಿಯ ಅಂಚಿನಲ್ಲಿ ಪೂರ್ತಿ ಹೋಗಿತ್ತು.

ಹದಿನೈದು ವರ್ಷ ಸದ್ದಿಲ್ಲದೆ ಇರಬಹುದು ಎಂದೆಯಲ್ಲ. ನಿನ್ನಣ್ಣ ಎಲ್ಲೂ ಹೋಗಿಲ್ಲ, ಗುಬ್ಬಿ.

ಅತ್ತಿಗೆ


ಏಪ್ರಿಲ್ 5

ಅತ್ತಿಗೆ,

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ, ಆಮೇಲೆ ನೋಡಿದ ಸ್ಲೈಡುಗಳನ್ನು ಮತ್ತೊಮ್ಮೆ ನೋಡಬೇಕಾಯಿತು. ತಲೆ ನೆಟ್ಟಗಿರಲಿಲ್ಲ.

ರಬ್ಬರು ಹಳೆಯದಾದರೆ ತಾನೇ ಉದುರುತ್ತದೆ. ಇಲಿ ಕಡಿದಿರಬಹುದು. ದಯವಿಟ್ಟು ಆ ಶೂಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ವೈರಸ್ಸು ಅಣ್ಣನಲ್ಲ. ಅದಕ್ಕೆ ಮುಖವಿಲ್ಲ, ನೆನಪಿಲ್ಲ. ನಾನು ಬರೆದ ಒಂದು ವಾಕ್ಯ ನಿಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ಎಂದು ನೆನೆದರೆ ನನ್ನ ಕೈ ಕಚ್ಚಿಕೊಳ್ಳುವಂತಾಗುತ್ತದೆ.

ಕತ್ತರಿಸಿಕೊಂಡ ಚೂರಿನ ವರದಿ ಏನು ಹೇಳಿತು? ಅದನ್ನು ಬರೆಯದೆ ಶೂ ಬಗ್ಗೆ ಒಂದು ಪುಟ ಬರೆದಿದ್ದೀರಿ.

ಗುಬ್ಬಿ


ಏಪ್ರಿಲ್ 20

ಗುಬ್ಬಿ,

ಸಿಟ್ಟಿನಲ್ಲಿ ನೀನು ಥೇಟ್ ನಿನ್ನಮ್ಮ.

ವರದಿ ಬಂತು. ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಮೆಟ್ಟಿಲು, ಮೂರರಲ್ಲಿ ಮೂರನೆಯದು ಎಂದರು ಡಾಕ್ಟರಮ್ಮ. ಕರೆಂಟು ಹರಿಯುವ ತೆಳ್ಳಗಿನ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ತೆಗೆದುಬಿಡುತ್ತಾರಂತೆ. ಅಲ್ಲಿಗೆ ಮಾತ್ರ ಮರಗಟ್ಟಿಸುವ ಸೂಜಿ, ಇಪ್ಪತ್ತು ನಿಮಿಷ, ಅಂದೇ ಮನೆಗೆ. ಏಪ್ರಿಲ್ 28ಕ್ಕೆ ಬನ್ನಿ ಎಂದು ಚೀಟಿ ಕೊಟ್ಟರು. ತಲೆಯಾಡಿಸಿ ಬಂದೆ.

ನಿನ್ನ ಮಾತು ಕೇಳಿ ಶೂಗಳನ್ನು ಒಂದು ವಾರ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸೀಮೆಸುಣ್ಣ ಬಳಿದೇ ಇಟ್ಟಿದ್ದೆ. ಏಳು ದಿನವೂ ಸುಣ್ಣ ಅಲುಗಲಿಲ್ಲ. ಆ ವಾರ ಏನೂ ಸರಿಹೋಗಲಿಲ್ಲ. ಷಟರ್ ಕೂಡ ಹಠ ಮಾಡಿತು, ಎತ್ತಲು ಹೋದರೆ ಕಾಲು ಜಾರುತ್ತಿತ್ತು. ಬೀರುವಿನ ಮುಂದೆ ಹಾದುಹೋದಾಗಲೆಲ್ಲ ಒಳಗೆ ಯಾರನ್ನೋ ಕೂಡಿಹಾಕಿದ್ದೇನೆ ಎನಿಸುತ್ತಿತ್ತು. ಎಂಟನೆಯ ದಿನ ಬೀಗ ತೆಗೆದು ಮತ್ತೆ ಷಟರಿನ ಪಕ್ಕ ಇಟ್ಟೆ. ಮರುದಿನವೇ ಸುಣ್ಣ ಹೋಗಿತ್ತು. ಇದಕ್ಕೇನು ಹೇಳುತ್ತೀಯಾ?

ಅಂಗಡಿಯ ಮೇಲಿನ ಹಲಗೆಯಲ್ಲಿ ಸಾಲಾಗಿ ನಿಂತಿರುವ ಮರದ ಪಾದಗಳೆಂದರೆ ನಿನಗೆ ಚಿಕ್ಕಂದಿನಿಂದಲೂ ಭಯ. ಗಿರಾಕಿ ಸತ್ತುಹೋದರೂ ಅವನ ಅಳತೆಯ ಅಚ್ಚನ್ನು ನಿನ್ನಣ್ಣ ಒಲೆಗೆ ಹಾಕುತ್ತಿರಲಿಲ್ಲ. ಅವರ ಪಾದದ ಅಚ್ಚು ಮಾತ್ರ ಇಲ್ಲ, ತಮಗೆ ತಾವು ಮಾಡಿಕೊಳ್ಳಲೇ ಇಲ್ಲ. ನಮಗೆ ಮಕ್ಕಳಾಗಲಿಲ್ಲ. ಅವರ ಬಟ್ಟೆಗಳನ್ನು ಕೊಟ್ಟುಬಿಟ್ಟೆ. ಅವರ ದನಿ ಹೇಗಿತ್ತು ಎಂದು ಈಗೀಗ ಸರಿಯಾಗಿ ನೆನಪಾಗುವುದಿಲ್ಲ. ಅವರ ಮೈಯಿಂದ ನನ್ನ ಮೈಗೆ ಬಂದು ಇನ್ನೂ ಜೀವಂತ ಉಳಿದಿರುವುದು ಇದೊಂದೇ. ಅದನ್ನು ತಂತಿಯಲ್ಲಿ ಸುಟ್ಟು ಬಾಟಲಿಗೆ ಹಾಕಿ ಎಂದು ನಾನು ಹೇಗೆ ಹೇಳಲಿ?

28ಕ್ಕೆ ನಾನು ಹೋಗುವುದಿಲ್ಲ. ಇದ್ದಷ್ಟು ದಿನ ಇರಲಿ, ನನ್ನ ಜೊತೆಗೇ ಹೋಗಲಿ.

ಅತ್ತಿಗೆ


ಏಪ್ರಿಲ್ 24

ಅತ್ತಿಗೆ,

ಇದನ್ನು ಬರೆಯಬಾರದೆಂದು ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಈಗ ಬೇರೆ ದಾರಿಯಿಲ್ಲ.

ನಿಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು, ನಾನು ಹಾಸ್ಟೆಲಿನಲ್ಲಿದ್ದು ಕೊನೆಯ ಪರೀಕ್ಷೆಗೆ ಓದುತ್ತಿದ್ದೆ. ಆ ವರ್ಷ ಅಣ್ಣ ಗುರುವಾರ ಗುರುವಾರ ನನ್ನ ಊರಿಗೆ ಬರುತ್ತಿದ್ದ. ಚರ್ಮ ಕೊಳ್ಳಲು ಹೋಗುತ್ತೇನೆ ಎಂದು ನಿಮಗೆ ಹೇಳುತ್ತಿದ್ದನೋ ಏನೋ. ನನ್ನನ್ನು ನೋಡಲು ಬರುತ್ತಿರಲಿಲ್ಲ. ಹಾಸ್ಟೆಲಿನ ಬೀದಿಯಲ್ಲೇ ಒಬ್ಬಳಿದ್ದಳು. ಮೂರನೇ ಮಹಡಿ, ಹಸಿರು ಬಾಗಿಲು. ಬಾಗಿಲಿನ ಕೆಳಗಡೆ ಬಣ್ಣ ಚಕ್ಕೆ ಎದ್ದಿತ್ತು. ನಾಲ್ಕು ಗಂಟೆಯಿಂದಲೇ ಅವಳು ಎರಡು ಕಪ್ಪು ತೊಳೆದು ಬೋರಲು ಹಾಕಿ, ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂರುತ್ತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದರೆ ಅವನೇ ಹೌದೋ ಅಲ್ಲವೋ ಎಂದು ಎರಡನೇ ಮಹಡಿಯಲ್ಲೇ ಗೊತ್ತಾಗುತ್ತಿತ್ತು ಅವಳಿಗೆ. ಬಾಗಿಲು ತಟ್ಟುವ ಮೊದಲೇ ತೆರೆಯುತ್ತಿದ್ದಳು. ಆರಕ್ಕೆ ಅವನು ಎದ್ದು ಹೋಗುತ್ತಿದ್ದ. ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ನಿಮ್ಮ ಮೈಯಲ್ಲಿರುವುದು ಅಣ್ಣನ ಪ್ರೀತಿಯಲ್ಲ ಅತ್ತಿಗೆ, ಅವಳ ಮನೆಯಿಂದ ಅವನು ತಂದಿಟ್ಟದ್ದು. ಅದನ್ನು ಕಾಪಾಡಿಕೊಂಡು ಸಾಯುತ್ತೀರಾ? 28ಕ್ಕೆ ಹೋಗಿ.

ನನ್ನನ್ನು ಬೈಯಿರಿ. ಹೋಗಿ ಬಂದು ಬೈಯಿರಿ.

ಗುಬ್ಬಿ


ಮೇ 6

ಅತ್ತಿಗೆ,

28 ಕಳೆದು ಎಂಟು ದಿನವಾಯಿತು. ಹೋದಿರೋ ಇಲ್ಲವೋ ಎಂದು ಒಂದು ಸಾಲು ಬರೆಯಿರಿ. ಅಂಗಡಿಗೆ ಫೋನ್ ಮಾಡಿದೆ, ನೀವು ಎತ್ತಿದಿರಿ, ನನ್ನ ದನಿ ಕೇಳಿ ಇಟ್ಟುಬಿಟ್ಟಿರಿ. ಹಿಂದೆ ಯಾರೋ ಸುತ್ತಿಗೆಯಲ್ಲಿ ಮೊಳೆ ಹೊಡೆಯುತ್ತಿದ್ದ ಸದ್ದು ಕೇಳಿತು. ಅಂಗಡಿಯಲ್ಲಿ ಕೆಲಸ ಮಾಡುವವರು ನೀವೊಬ್ಬರೇ ಅಲ್ಲವಾ?

ಗುಬ್ಬಿ


ಮೇ 18

ಅತ್ತಿಗೆ,

ಈಗ ಫೋನು ಸುಮ್ಮನೆ ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಈ ವಾರ ಉತ್ತರ ಬರದಿದ್ದರೆ ರಜೆ ಹಾಕಿ ಬರುತ್ತೇನೆ.

ಗುಬ್ಬಿ


ಮೇ 27

ಗುಬ್ಬಿ,

ರಜೆ ಉಳಿಸಿಕೋ, ಮುಂದೆ ಬೇಕಾಗುತ್ತದೆ. ಸುತ್ತಿಗೆ ಸದ್ದು ನನ್ನದೇ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸುತ್ತಿಗೆ, ಸಿಟ್ಟು ಬಂದಾಗ ನಾನು ಹಾಗೆಯೇ. ಆಮೇಲೆ ಕೆಲವು ದಿನ ಅಂಗಡಿ ಮುಚ್ಚಿದ್ದೆ. ಯಾಕೆಂದು ಹೇಳುತ್ತೇನೆ.

ಮೊದಲು ನಿನ್ನ ಸುಳ್ಳಿನ ಲೆಕ್ಕ ಚುಕ್ತಾ ಮಾಡೋಣ. ನಿನ್ನ ಕೊನೆಯ ಪರೀಕ್ಷೆಯ ವರ್ಷ ನಿನ್ನಣ್ಣ ಏಣಿಯಿಂದ ಬಿದ್ದು ಎಡಗಾಲು ಮುರಿದುಕೊಂಡು ಐದು ತಿಂಗಳು ಪ್ಲಾಸ್ಟರಿನಲ್ಲಿದ್ದರು. ನಿನಗೆ ತಿಳಿದರೆ ಓದು ಬಿಟ್ಟು ಓಡಿ ಬರುತ್ತೀಯೆಂದು ಹೇಳಲಿಲ್ಲ. ಗುರುವಾರ ಗುರುವಾರ ನಿನ್ನ ಊರಿಗೆ ಬರುವುದಿರಲಿ, ಮಂಚದಿಂದ ಬಚ್ಚಲಿಗೆ ಹೋಗಲು ನನ್ನ ಹೆಗಲು ಬೇಕಿತ್ತು. ಪರೀಕ್ಷೆ ಮುಗಿಸಿ ನೀನು ಬಂದಾಗ ಹೆಜ್ಜೆ ಸ್ವಲ್ಪ ವಾಲುತ್ತಿತ್ತು, ಹೊಸ ಶೂ ಕಚ್ತಿದೆ ಎಂದು ನಿನಗೆ ಹೇಳಿದ್ದರು. ಸತ್ತವನ ಮೇಲೆ ಇಂಥದ್ದು ಹೊರಿಸಲು ನಿನಗೆ ಎಷ್ಟು ಕಷ್ಟವಾಗಿರಬೇಕು ಎಂದು ನೆನೆದು ಎರಡು ದಿನ ಅತ್ತೆ. ಎರಡು ದಿನ ನಿನ್ನನ್ನು ಬೈದೆ.

ಆದರೂ 28ಕ್ಕೆ ಹೋಗಲಿಲ್ಲ. ಮೇ 11ರ ಬೆಳಿಗ್ಗೆ ಷಟರ್ ಎತ್ತಿ, ಮುಂದೆ ಗುಡಿಸುತ್ತಿದ್ದೆ. ಇಸ್ತ್ರಿಯಾಕೆ ಅವಳ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಏನೆಂದು ಕೇಳಿದೆ.

“ಏನಿಲ್ಲ ಅಕ್ಕಾ. ಅಣ್ಣನ ಶೂ ಹಾಕ್ಕೊಂಡು ನೀವು ದಿನಾ ಹೀಗೆ ವಾಲ್ಕೊಂಡು ಷಟರ್ ಎತ್ತೋದು ನೋಡಿದ್ರೆ, ಅಣ್ಣನೇ ನಿಂತಂಗೆ ಕಾಣತ್ತೆ.”

ಕಾಲು ನೋಡಿಕೊಂಡೆ. ಕಂದು ಶೂಗಳು ನನ್ನ ಕಾಲಲ್ಲಿದ್ದವು.

ಹನ್ನೊಂದು ವರ್ಷ, ಗುಬ್ಬಿ. ಎದ್ದು ಹಿಂದಿನ ಮನೆಯಿಂದ ಅಂಗಡಿಗೆ ಬಂದು ಷಟರಿನ ಪಕ್ಕದಲ್ಲಿದ್ದದ್ದಕ್ಕೆ ಕಾಲು ತೂರಿಸುವುದು, ಷಟರ್ ಎತ್ತುವುದು, ಗುಡಿಸುವುದು, ನೀರು ಚಿಮುಕಿಸುವುದು, ಒಳಗೆ ಬಂದು ಅಲ್ಲೇ ಕಳಚಿ ನನ್ನ ಚಪ್ಪಲಿ ಹಾಕಿಕೊಳ್ಳುವುದು. ಅದು ಹಾಕಿಕೊಳ್ಳುವುದು ಎಂದು ನನ್ನ ಲೆಕ್ಕದಲ್ಲಿರಲಿಲ್ಲ. ದಿನ ಶುರುವಾಗುವುದು ಆಮೇಲೆ. ನಮ್ಮ ಷಟರ್ ಎಡಗಡೆ ಸಿಕ್ಕಿಕೊಳ್ಳುತ್ತದೆ, ಎಡಗಾಲಿನ ಹೊರ ಅಂಚಿನ ಮೇಲೆ ಪೂರ್ತಿ ಭಾರ ಬಿಟ್ಟು ತಿರುಚಿದರೆ ಮಾತ್ರ ಏಳುತ್ತದೆ. ನಿನ್ನಣ್ಣನ ಸವೆತ ಮುರಿದ ಕಾಲಿನದು ಎಂದು ನಾನೂ ಅವರೂ ನಂಬಿದ್ದೆವು. ಅವರದ್ದೂ ಷಟರಿನದೇ ಇರಬೇಕು. ಊರಿನವರ ಹಿಮ್ಮಡಿಯೆಲ್ಲ ಓದಿದವಳು ನನ್ನ ಹಿಮ್ಮಡಿ ನೋಡಿ ದೆವ್ವ ಎಂದೆ. ಪೊರಕೆ ಹಿಡಿದು ಅಲ್ಲೇ ಕೂತು ನಕ್ಕೆ. ನಗು ಯಾವಾಗ ಅಳುವಾಯಿತೋ ಗೊತ್ತಿಲ್ಲ, ಇಸ್ತ್ರಿಯಾಕೆ ಬಂದು ನನ್ನ ತಲೆ ಹಿಡಿದುಕೊಂಡಳು. ಅಂದೇ ಷಟರ್ ಇಳಿಸಿದವಳು ಎಷ್ಟೋ ದಿನ ಎತ್ತಲಿಲ್ಲ.

ಈಗ ನಾನು ಮುಚ್ಚಿಟ್ಟದ್ದು. ನಿನ್ನಣ್ಣ ಹೋದ ಎರಡು ವರ್ಷಕ್ಕೆ, ತಿಂಗಳಿಗೊಮ್ಮೆ ಚರ್ಮ ತಂದುಕೊಡುತ್ತಿದ್ದವನೊಬ್ಬ ಇದ್ದ. ಒಳ್ಳೆಯವನು, ಮಾತು ಕಡಿಮೆ. ಏಳೆಂಟು ತಿಂಗಳು ಅಷ್ಟೆ. ಆಮೇಲೆ ಅವನು ಬರುವುದು ನಿಂತಿತು, ನಾನೂ ಯಾಕೆಂದು ಕೇಳಲಿಲ್ಲ. ನರ್ಸು ಕೇಳಿದ್ದಕ್ಕೆ ಹನ್ನೊಂದು ವರ್ಷ ಎಂದೆನಲ್ಲ, ಅದು ನಿಜವೇ, ಆದರೆ ಅವಳು ಕೇಳಿದ್ದಕ್ಕೆ ಅದು ಪೂರ್ತಿ ಉತ್ತರವಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ನಿನಗೂ ಅದನ್ನೇ ಬರೆದೆ. ಅಣ್ಣನ ಕಾಲದ್ದೇ ಇರಬೇಕು ಎಂದು ನೀನು ಉತ್ತರ ಬರೆದಾಗ, ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇದು ನಿನ್ನಣ್ಣನದೇ ಆಗಬೇಕಿತ್ತು ನನಗೆ. ಆಗ ನಾನು ತಪ್ಪು ಮಾಡಿದವಳಲ್ಲ, ಕಾಯುತ್ತಿದ್ದವಳು ಆಗುತ್ತೇನಲ್ಲ.

ಇಸ್ತ್ರಿಯಾಕೆ ತನ್ನ ಫೋನಿನಿಂದ ಆಸ್ಪತ್ರೆಗೆ ಮಾಡಿ ಹೊಸ ದಿನ ಕೇಳಿದಳು. ಮೇ 19, ಅವಳೇ ಜೊತೆಗೆ ಬಂದಳು. ಡಾಕ್ಟರಮ್ಮನಿಗೆ ಚರ್ಮದವನ ವಿಷಯ ಹೇಳಿದೆ. ಅವರು ಹುಬ್ಬು ಕೂಡ ಏರಿಸಲಿಲ್ಲ. “ಯಾರಿಂದ ಬಂತು ಅನ್ನೋದು ನನಗೆ ಬೇಡಮ್ಮ. ಎಲ್ಲಿದೆ ಅನ್ನೋದಷ್ಟೇ ಬೇಕು” ಎಂದರು. ಸೂಜಿ ಚುಚ್ಚಿದ್ದು ಗೊತ್ತಾಯಿತು, ಆಮೇಲೆ ಯಂತ್ರದ ಗುಂಯ್ ಸದ್ದು, ಸುಟ್ಟ ವಾಸನೆ. ಮುಗಿದ ಮೇಲೆ ನೋಡಬಹುದೇ ಎಂದು ಕೇಳಿದೆ. ಬಾಟಲಿ ಎತ್ತಿ ತೋರಿಸಿದರು. ಕೋಟಿನ ಗುಂಡಿಯಷ್ಟು. ಅದರಲ್ಲಿ ನಿನ್ನಣ್ಣನೂ ಇರಲಿಲ್ಲ, ಚರ್ಮದವನೂ ಇರಲಿಲ್ಲ. ಅದು ಒಂದು ಮಾಂಸದ ಚೂರು, ನನ್ನದು.

ಕೊನೆಯದಾಗಿ ಒಂದು ಮಾತು. ಬಾಗಿಲಿನ ಕೆಳಗೆ ಚಕ್ಕೆ ಎದ್ದ ಹಸಿರು ಬಣ್ಣ, ಬೋರಲು ಹಾಕಿದ ಎರಡು ಕಪ್ಪು, ಎರಡನೇ ಮಹಡಿಯಲ್ಲೇ ಗುರುತು ಸಿಗುವ ಹೆಜ್ಜೆ. ಸುಳ್ಳು ಹೇಳುವವರು ಇಷ್ಟು ನೋಡಿರುವುದಿಲ್ಲ. ನಿನ್ನ ಮನೆಗೆ ನಾನು ಒಮ್ಮೆಯೂ ಬಂದಿಲ್ಲ. ಅದರ ಬಾಗಿಲು ಯಾವ ಬಣ್ಣದ್ದು?

ಅತ್ತಿಗೆ


ಜೂನ್ 5

ಅತ್ತಿಗೆ,

ಮೂರು ಸಲ ಓದಿದೆ. ತೆಗೆದ ಚೂರಿನ ಅಂಚು ಶುಚಿಯಾಗಿದೆಯೇ ಎಂದು ವರದಿಯಲ್ಲಿ ಬರೆದಿರುತ್ತಾರೆ, ಕೇಳಿ ತಿಳಿದುಕೊಳ್ಳಿ. ಕೆಲವು ವಾರ ಭಾರ ಎತ್ತಬೇಡಿ, ಷಟರನ್ನು ಇಸ್ತ್ರಿಯಾಕೆಯೇ ಎತ್ತಲಿ. ಆರು ತಿಂಗಳಿಗೆ ಮತ್ತೆ ವೈರಸ್ ಪರೀಕ್ಷೆ ತಪ್ಪಿಸಬೇಡಿ.

ನಾನು ಹೇಳಿದ ಸುಳ್ಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಗುಬ್ಬಿ


ಡಿಸೆಂಬರ್ 2

ಗುಬ್ಬಿ,

ಆರು ತಿಂಗಳ ಪರೀಕ್ಷೆಯ ಕಾಗದ ಬಂತು. ಅಂಚು ಶುಚಿಯಾಗಿತ್ತೆಂದು ಆಗಲೇ ಬರೆದಿದ್ದೆ. ಈಗ ವೈರಸ್ಸು ಕಂಡುಬಂದಿಲ್ಲ ಎಂದು ಬಂದಿದೆ. ಇನ್ನೂ ಎಷ್ಟೋ ವರ್ಷ ತಪ್ಪದೆ ನೋಡಿಸಿಕೊಳ್ಳುತ್ತಿರಬೇಕು ಎಂದರು ಡಾಕ್ಟರಮ್ಮ, ಹೂಂ ಎಂದೆ. ನಾನು ಬದುಕುತ್ತೇನೆ ಎಂದು ಗೊತ್ತಾದಾಗ ಬದುಕಲು ಎಷ್ಟು ಆಸೆಯಾಯಿತು ಎಂದರೆ ನನಗೇ ನಾಚಿಕೆಯಾಯಿತು. ದಾರಿಯಲ್ಲಿ ಎರಡು ಸಲ ಚೀಟಿ ತೆಗೆದು ಓದಿದೆ.

ಮನೆಗೆ ಬಂದು ಬಾಗಿಲು ತೆಗೆದರೆ ಒಳಗೆ ಯಾರೂ ಇರಲಿಲ್ಲ. ಹನ್ನೊಂದು ವರ್ಷವೂ ಇರಲಿಲ್ಲ, ಅದು ನನಗೆ ಗೊತ್ತಿತ್ತು, ಆದರೂ ಅವತ್ತು ಮೊದಲ ಸಲ ನಿಜವಾಗಿ ಇರಲಿಲ್ಲ. ಕಂದು ಶೂಗಳನ್ನು ಮರದ ಪಾದಗಳ ಪಕ್ಕ ಮೇಲಿನ ಹಲಗೆಗೆ ಏರಿಸಿ ಆರು ತಿಂಗಳಾಯಿತು. ನಿಜ ಹೇಳುತ್ತೇನೆ, ಎಡ ಹಿಮ್ಮಡಿಗೆ ಸೀಮೆಸುಣ್ಣ ಬಳಿದೇ ಇಟ್ಟೆ. ಪ್ರತಿ ಸೋಮವಾರ ಏಣಿ ಹತ್ತಿ ನೋಡುತ್ತೇನೆ. ಸುಣ್ಣ ಹಾಗೇ ಇದೆ. ಒಮ್ಮೆಯಾದರೂ ಹೋಗಿರಲಿ ಎಂದು ಆಸೆ.

ನೀನು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ನಿನ್ನ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಓದಿದೆ. ಈ ಕಾಯಿಲೆಯ ಬಗ್ಗೆ ನಿನಗೆ ಗೊತ್ತಿಲ್ಲದ್ದಿಲ್ಲ. ಆದರೆ ನಾನೂ ಮಾಡಿಸಿಕೊಂಡಿದ್ದೇನೆ, ಹೆದರಬೇಡಿ ಅತ್ತಿಗೆ ಎಂದು ಒಂದು ಕಡೆಯೂ ಬರೆದಿಲ್ಲ. ಬೇರೆ ಯಾರಾದರೂ ಆ ಮಾತನ್ನೇ ಮೊದಲು ಬರೆಯುತ್ತಿದ್ದರು. ದಿನಕ್ಕೆ ಎಪ್ಪತ್ತು ಜನರದ್ದನ್ನು ನೋಡುವವಳೇ, ನಿನ್ನದನ್ನು ಯಾರು ನೋಡಿದ್ದಾರೆ?

ಅತ್ತಿಗೆ


ಡಿಸೆಂಬರ್ 19

ಅತ್ತಿಗೆ,

ಹಸಿರು. ಕೆಳಗಡೆ ಚಕ್ಕೆ ಎದ್ದಿದೆ.

ಅವನಿಗೆ ಹೆಂಡತಿ ಇದ್ದಾಳೆ. ಆರು ವರ್ಷ ಗುರುವಾರ ಗುರುವಾರ ಬಂದ, ಹೋದ ವರ್ಷ ಒಂದು ಗುರುವಾರ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಅಣ್ಣನ ಮೇಲೆ ಹಾಕಲು ಬೇರೆ ಕಥೆ ನನ್ನ ಹತ್ತಿರ ಇರಲಿಲ್ಲ, ಇದ್ದದ್ದನ್ನೇ ಕೊಟ್ಟೆ. ಈಗಲೂ ಗುರುವಾರ ಮೆಟ್ಟಿಲ ಮೇಲೆ ಸದ್ದಾದರೆ ನನ್ನ ಕೈ ಕೆಲಸ ಬಿಟ್ಟು ನಿಲ್ಲುತ್ತದೆ.

ಹೌದು, ಪರೀಕ್ಷೆ ಮಾಡಿಸಿರಲಿಲ್ಲ. ಆ ಖಾಲಿ ಬಳೆಯನ್ನು ಅಷ್ಟು ಸಲ ನೋಡಿದವಳಿಗೆ, ನನ್ನೊಳಗೂ ಅದು ಇದ್ದರೆ ಎಂದು ಯೋಚಿಸುವ ಧೈರ್ಯವಿರಲಿಲ್ಲ. ನಿಮ್ಮ ಕಾಗದ ಬಂದ ಮರುದಿನ ಕೆಳಗಿನ ಮಹಡಿಯ ಕ್ಲಿನಿಕ್ಕಿಗೆ ಹೋದೆ. ನಮ್ಮ ಆಸ್ಪತ್ರೆಯಲ್ಲಿ ಎರಡನ್ನೂ ಒಟ್ಟಿಗೆ ಮಾಡುತ್ತಾರೆ, ವೈರಸ್ ಪರೀಕ್ಷೆ ಯಂತ್ರಕ್ಕೆ ಹೋಗುತ್ತದೆ, ಸ್ಲೈಡು ನಮ್ಮ ಮೇಜಿಗೆ ಬರುತ್ತದೆ. ನಂಬರು ಮಾತ್ರ, ಹೆಸರಿಲ್ಲ.

ಮೊನ್ನೆ ಆ ದಿನದ ಸ್ಲೈಡುಗಳು ಬಂದವು. ಅರ್ಧ ನನಗೆ, ಅರ್ಧ ನನ್ನ ಪಕ್ಕದವಳಿಗೆ. ನನ್ನ ತಟ್ಟೆಯಲ್ಲಿ ಮೂವತ್ನಾಲ್ಕು. ಅವುಗಳಲ್ಲಿ ನಾನಿದ್ದೆನೋ ಇಲ್ಲವೋ ಗೊತ್ತಿಲ್ಲ. ಮೂವತ್ನಾಲ್ಕನ್ನೂ ನನ್ನದೆಂದೇ ನೋಡಿದೆ ಅತ್ತಿಗೆ. ಇಷ್ಟು ವರ್ಷ ನಾನು ಹಾಗೆ ನೋಡಿರಲಿಲ್ಲ. ಮೂವತ್ತೆರಡು ಶುಚಿಯಾಗಿದ್ದವು. ಎರಡರಲ್ಲಿ ಆ ಬಳೆ ಇತ್ತು. ಈ ಸಲ ಕಣ್ಣು ತೆಗೆಯಲಿಲ್ಲ. ಪೆನ್ನಿನಿಂದ ಪಕ್ಕದಲ್ಲಿ ಚುಕ್ಕೆ ಇಟ್ಟು ಮುಂದಕ್ಕೆ ಕಳಿಸಿದೆ.

ಮುಂದಿನ ಗುರುವಾರ ಫಲಿತಾಂಶದ ಲಕೋಟೆಗಳು ಮನೆಗಳಿಗೆ ಬರುತ್ತವೆ. ಒಬ್ಬಳೇ ಒಡೆಯಲಾರೆ. ನಾಲ್ಕು ಗಂಟೆಗೆ ಬರುತ್ತೀರಾ? ಹಲಗೆಯಿಂದ ಅಣ್ಣನ ಶೂ ಇಳಿಸಿ ಅದನ್ನೇ ಹಾಕಿಕೊಂಡು ಬನ್ನಿ. ಮೂರು ಮಹಡಿ ಇದೆ, ನಿಧಾನವಾಗಿ ಹತ್ತಿ. ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಕೊಂಡು ಕೂತಿರುತ್ತೇನೆ. ಎರಡನೇ ಮಹಡಿಗೆ ನೀವು ಬರುವಷ್ಟರಲ್ಲಿ ನನಗೆ ಗೊತ್ತಾಗುತ್ತದೆ.

ಗುಬ್ಬಿ